ಬಿಲ್ಡರ್ ತೋರಿಸುವ ಚಿತ್ರದಲ್ಲಿ ಕ್ಯಾಮೆರಾ ಎಲ್ಲಿ ನಿಂತಿದೆ?

ಮುಂಬಯಿಯಲ್ಲಿ ಈಗ ಯಾವ ಹಳೇ ಹೌಸಿಂಗ್ ಸೊಸೈಟಿಗೆ ಹೋದರೂ ರೀಡೆವಲಪ್‌ಮೆಂಟ್ ಮಾತು. ಹಳೇ ಕಟ್ಟಡ ಕೆಡವಿ ಬಿಲ್ಡರ್ ಟವರ್ ಕಟ್ಟುತ್ತಾನೆ, ಹಳಬರಿಗೆ ಅದರಲ್ಲೇ ಬದಲಿ ಮನೆ, ಉಳಿದ ಫ್ಲ್ಯಾಟು ಅವನ ಮಾರಾಟಕ್ಕೆ. ಮಾಟುಂಗಾ, ಚೆಂಬೂರು, ಮುಲುಂಡ್, ಬೊರಿವಲಿ, ಆಚೆ ಕಡೆ ಡೊಂಬಿವಲಿ. ಬ್ಯಾಂಕು, ರೈಲ್ವೆ, ಹೋಟೆಲು ಅಂತ ದುಡಿದ ನಮ್ಮ ಕನ್ನಡದವರು 70-80ರ ದಶಕದಲ್ಲಿ ಕೊಂಡ ಮೂರು-ನಾಲ್ಕು ಮಹಡಿಯ ಕಟ್ಟಡಗಳು ಸೋರುತ್ತಿವೆ. ಪಿಲ್ಲರಿನ ಕಬ್ಬಿಣ ತುಕ್ಕು ಹಿಡಿದಿದೆ. ಲಿಫ್ಟ್ ಇಲ್ಲ, ಕೊಂಡವರಿಗೆ ಈಗ ಮೊಣಕಾಲು ನೋವು. ಬಿಲ್ಡರುಗಳು ಸಾಲಾಗಿ ಬಂದು ಪ್ರೆಸೆಂಟೇಶನ್ ಕೊಟ್ಟು ಹೋಗುತ್ತಾರೆ.

ಆ ಪ್ರೆಸೆಂಟೇಶನ್‌ನಲ್ಲಿ ಎರಡು ಭಾಗ. ಮೊದಲು ಲೆಕ್ಕ. ಕಾರ್ಪೆಟ್ (ಗೋಡೆಯೊಳಗಿನ ಜಾಗ) ಎಷ್ಟು ಪರ್ಸೆಂಟ್ ಜಾಸ್ತಿ, ಕಾರ್ಪಸ್ (ಸದಸ್ಯರಿಗೆ ಕೊಡುವ ಇಡಿಗಂಟು) ಎಷ್ಟು, ಕಟ್ಟಿ ಮುಗಿಯುವ ತನಕ ತಿಂಗಳ ಬಾಡಿಗೆ ಎಷ್ಟು, ಸಾಮಾನು ಸಾಗಿಸುವ ಖರ್ಚು ಯಾರದು. ಇದರಲ್ಲಿ ನಮ್ಮ ಜನ ಬಹಳ ಹುಷಾರು. ಹತ್ತು ಚದರ ಅಡಿಗೆ ಎರಡು ಮೀಟಿಂಗ್ ಜಗ್ಗಾಡುತ್ತಾರೆ. ಆಮೇಲೆ ಲೈಟ್ ಆಫ್ ಮಾಡಿ ಪರದೆಯ ಮೇಲೆ 3ಡಿ ಹಾಕುತ್ತಾರೆ. ಸಂಜೆ ಬಿಸಿಲಿನಲ್ಲಿ ಮಿಂದ ಟವರ್. ಗೇಟಿನಲ್ಲಿ ತಾಳೆ ಮರಗಳು. ಗಾಜಿನ ಕಟಕಟೆಯ ಬಾಲ್ಕನಿ. ಜರ್ಮನ್ ಕಾರು. ಅಲ್ಲಿಗೆ ಪ್ರಶ್ನೆಗಳು ನಿಲ್ಲುತ್ತವೆ. "ಚಂದ ಉಂಟಲ್ಲ ಮಾರಾಯ್ರೆ" ಅಂತ ಹಿಂದಿನ ಸಾಲಿನಿಂದ ಒಂದು ದನಿ ಬರುತ್ತದೆ. ರಾತ್ರಿ ಊರಿನಲ್ಲಿರುವ ಅಣ್ಣನಿಗೆ, ಪುಣೆಯಲ್ಲಿರುವ ಮಗಳಿಗೆ ವಾಟ್ಸ್ಯಾಪ್‌ನಲ್ಲಿ ಹೋಗುವುದೂ ಆ ಚಿತ್ರವೇ. ಫ್ಲೋರ್ ಪ್ಲ್ಯಾನ್ ಯಾರೂ ಕಳಿಸುವುದಿಲ್ಲ.

ಲೆಕ್ಕಕ್ಕೆ ಹಾಕಿದಷ್ಟೇ ಪ್ರಶ್ನೆ ಚಿತ್ರಕ್ಕೂ ಹಾಕಬಹುದು ಅನ್ನುವುದು ನನ್ನ ವಾದ. ಚಿತ್ರವೂ ಒಂದು ದಾಖಲೆ. ಅದರಲ್ಲಿ ಅಳತೆ ಇದೆ, ದಿಕ್ಕು ಇದೆ, ಹೊತ್ತು ಇದೆ, ಯಾವುದನ್ನು ತೋರಿಸಬೇಕು ಯಾವುದನ್ನು ಬಿಡಬೇಕು ಅನ್ನುವ ತೀರ್ಮಾನವೂ ಇದೆ. ಆ ತೀರ್ಮಾನಗಳನ್ನು ಯಾರೋ ಕೂತು ಮಾಡಿರುತ್ತಾರೆ.

ಯಾರು, ಹೇಗೆ ಮಾಡುತ್ತಾರೆ ಅಂತ ಮೊದಲು ನೋಡೋಣ. ಆರ್ಕಿಟೆಕ್ಟ್ ಕಚೇರಿಯಿಂದ ಆಟೋಕ್ಯಾಡ್ ಡ್ರಾಯಿಂಗ್ ಬರುತ್ತದೆ. ಈ ಚಿತ್ರಗಳನ್ನು ಮಾಡುವ ವಿಶುವಲೈಸರ್ ಅದರ ಮೇಲೆ ಸ್ಕೆಚ್‌ಅಪ್‌ನಲ್ಲೋ 3ಡಿಎಸ್ ಮ್ಯಾಕ್ಸ್‌ನಲ್ಲೋ ಗೋಡೆ ಎಬ್ಬಿಸುತ್ತಾನೆ. ಕೆಲವು ಕಚೇರಿಗಳಲ್ಲಿ ರೆವಿಟ್‌ನಲ್ಲೇ ಮಾಡೆಲ್ ತಯಾರಿರುತ್ತದೆ. ಆಮೇಲೆ ಪ್ರತಿ ಮೇಲ್ಮೈಗೂ ಗುಣ ಕೊಡಬೇಕು. ಗಾಜು ಎಷ್ಟು ಹೊಳೆಯಬೇಕು, ಟೈಲ್ ಎಷ್ಟು ಒರಟು, ಪೇಂಟ್ ಎಷ್ಟು ಮ್ಯಾಟ್. ನಂತರ ಆಕಾಶ. ನಿಜವಾದ ಆಕಾಶವನ್ನು ಸುತ್ತಲೂ ತೆಗೆದ ಫೋಟೊವೊಂದನ್ನು ಇಡೀ ದೃಶ್ಯಕ್ಕೆ ಗೋಳದಂತೆ ಹೊದಿಸುತ್ತಾರೆ. ಅದೇ ಬೆಳಕಿನ ಮೂಲ. ಅದಕ್ಕೊಂದು ಸೂರ್ಯ ಸೇರಿಸಿ ಕ್ಯಾಮೆರಾ ಇಟ್ಟು ವಿ-ರೇ, ಕೊರೋನಾದಂಥ ಎಂಜಿನ್‌ಗೆ (ಚಿತ್ರ ಲೆಕ್ಕ ಹಾಕುವ ಸಾಫ್ಟ್‌ವೇರ್) ಒಪ್ಪಿಸುತ್ತಾರೆ. ಹೊರಬರುವ ಚಿತ್ರಕ್ಕೆ ರೆಂಡರ್ ಅನ್ನುತ್ತಾರೆ.

ಎಂಜಿನ್ ಮಾಡುವುದು ಬೆಳಕಿನ ಲೆಕ್ಕ. ಒಂದು ಕಿರಣ ಗೋಡೆಗೆ ಬಡಿದು, ನೆಲಕ್ಕೆ ಹಾರಿ, ಸೋಫಾದ ಬಣ್ಣ ಸ್ವಲ್ಪ ಅಂಟಿಸಿಕೊಂಡು ಕ್ಯಾಮೆರಾಕ್ಕೆ ಬರುವ ದಾರಿಯನ್ನು ಲಕ್ಷಾಂತರ ಸಲ ಹಿಂಬಾಲಿಸುತ್ತದೆ. 1986ರಲ್ಲಿ ಜೇಮ್ಸ್ ಕಜಿಯಾ ಎಂಬ ವಿಜ್ಞಾನಿ ಈ ಇಡೀ ಲೆಕ್ಕವನ್ನು ಒಂದು ಸಮೀಕರಣದಲ್ಲಿ ಬರೆದರು. ಈಗಿನ ಎಂಜಿನ್‌ಗಳು ಬಿಡಿಸುವುದು ಮೂಲತಃ ಅದನ್ನೇ. ಮೊದಲು ಒಂದು ಚಿತ್ರಕ್ಕೆ ಕಂಪ್ಯೂಟರನ್ನು ರಾತ್ರಿಯಿಡೀ ಬಿಟ್ಟು ಹೋಗಬೇಕಿತ್ತು. ಗ್ರಾಫಿಕ್ಸ್ ಕಾರ್ಡ್‌ಗಳು ಬಲವಾದ ಮೇಲೆ ಲೂಮಿಯನ್, ಎನ್‌ಸ್ಕೇಪ್, ಟ್ವಿನ್‌ಮೋಶನ್‌ನಂಥವು ನಡೆದಾಡುತ್ತಲೇ ದೃಶ್ಯ ತೋರಿಸುತ್ತವೆ. ಸೊಸೈಟಿ ಮೀಟಿಂಗ್‌ಗೆ ವಾಕ್‌ಥ್ರೂ ಬರಲು ಶುರುವಾದದ್ದು ಹೀಗೆ.

ಗಮನಿಸಿ, ಬೆಳಕಿನ ಲೆಕ್ಕ ಪ್ರಾಮಾಣಿಕವಾದದ್ದು. ಕೊಟ್ಟ ಕೋಣೆಗೆ, ಕೊಟ್ಟ ಸೂರ್ಯನಿಗೆ ಉತ್ತರ ಸರಿಯಾಗೇ ಬರುತ್ತದೆ. ಅದಕ್ಕೇ ಚಿತ್ರ ನಂಬುವ ಹಾಗೆ ಕಾಣುವುದು. ಆಟ ನಡೆಯುವುದು ಏನನ್ನು ಕೊಟ್ಟರು ಅನ್ನುವಲ್ಲಿ. ಕೊನೆಗೆ ಫೋಟೊಶಾಪ್‌ನಲ್ಲಿ ಆಕಾಶ ಬದಲಾಗುತ್ತದೆ, ಜನ ಬರುತ್ತಾರೆ, ಹಕ್ಕಿ ಹಾರುತ್ತದೆ.

ಈ ಕೆಲಸ ಮಾಡುವ ಹುಡುಗ ಹುಡುಗಿಯರನ್ನು ಬೈಯುವುದು ನನಗೆ ಇಷ್ಟವಿಲ್ಲ. ಒಂದು ವ್ಯೂಗೆ ಇಷ್ಟು ಅಂತ ದುಡ್ಡು. ಡ್ರಾಯಿಂಗ್ ಕೈಗೆ ಬರುವುದು ಮೀಟಿಂಗ್ ಹತ್ತಿರವಾದಾಗ. ಪಕ್ಕದ ಕಟ್ಟಡದ ಅಳತೆ ಯಾರೂ ಕೊಟ್ಟಿರುವುದಿಲ್ಲ. ಎಷ್ಟೋ ಸಲ ಪಾಲಿಕೆಗೆ ಪ್ಲ್ಯಾನ್ ಸಲ್ಲಿಸುವ ಮೊದಲೇ ಚಿತ್ರ ತಯಾರಾಗಬೇಕು. ಅಂದರೆ ಮಂಜೂರಾಗದ ಕಟ್ಟಡದ ಫೋಟೊ ಅದು. ಹೊಳಪು ಮಾತ್ರ ಕಟ್ಟಿ ಮುಗಿದ ಕಟ್ಟಡದ್ದು.

ಈಗ ಓದುವ ಕೆಲಸ. ನಾನು ಮೊದಲು ನೋಡುವುದು ಕ್ಯಾಮೆರಾ ಎಲ್ಲಿ ನಿಂತಿದೆ ಅಂತ.

ಹೊರಗಿನ ಚಿತ್ರದಲ್ಲಿ ಟವರ್ ಪೂರ್ತಿ ಕಾಣಬೇಕಾದರೆ ಕ್ಯಾಮೆರಾ ದೂರ ಹೋಗಬೇಕು. ಮುಲುಂಡಿನ ಗಲ್ಲಿಯಲ್ಲಿ ದೂರ ಎಲ್ಲಿದೆ? ಎದುರಿನ ಕಟ್ಟಡ ನಾಲ್ಕು ಹೆಜ್ಜೆ ಆಚೆ. ಹಾಗಾಗಿ ಕಂಪ್ಯೂಟರ್‌ನಲ್ಲಿ ಎದುರಿನ ಕಟ್ಟಡವನ್ನು ತೆಗೆದು ಕ್ಯಾಮೆರಾವನ್ನು ಅದರ ಮೂರನೇ ಮಹಡಿಯ ಅಡುಗೆಮನೆಯಲ್ಲಿ ನಿಲ್ಲಿಸುತ್ತಾರೆ. ಆ ಗಲ್ಲಿ ಚಿತ್ರದಲ್ಲಿ ಮರೀನ್ ಡ್ರೈವ್ ಅಗಲ ಆಗುತ್ತದೆ. ಇನ್ನೊಂದು ರೂಢಿ ಡ್ರೋನ್ ನೋಟ. ಹದ್ದಿಗೆ ಮಾತ್ರ ಕಾಣುವ ಮನೆ ಅದು. ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ, ರಸ್ತೆಯ ಮೇಲೆ ನಿಜಕ್ಕೂ ನಿಲ್ಲಬಹುದಾದ ಜಾಗದಿಂದ ತೆಗೆದ ನೋಟ ಎಷ್ಟಿವೆ ಎಣಿಸಿ. ಒಂದೂ ಇಲ್ಲದ ಬ್ರೋಷರ್‌ಗಳೂ ಇರುತ್ತವೆ.

ಒಳಗಿನ ಚಿತ್ರದಲ್ಲಿ ಇನ್ನೂ ಮಜಾ ಇದೆ. 10 ಅಡಿ ಅಗಲದ ಬೆಡ್‌ರೂಮಿನಲ್ಲಿ ನೀವು ಫೋನ್ ಹಿಡಿದು ಎಷ್ಟು ಹಿಂದೆ ಸರಿದರೂ ಬೆನ್ನಿಗೆ ಗೋಡೆ ಸಿಗುತ್ತದೆ. ಕಂಪ್ಯೂಟರ್ ಕ್ಯಾಮೆರಾಕ್ಕೆ ಗೋಡೆಯ ಅಡ್ಡಿಯಿಲ್ಲ. ಅದು ಗೋಡೆಯ ಆಚೆ, ಪಕ್ಕದವರ ಬಾತ್‌ರೂಮಿನಲ್ಲಿ ನಿಂತು, ನಡುವಿನ ಗೋಡೆಯನ್ನು ಕತ್ತರಿಸಿ ಕೋಣೆ ನೋಡುತ್ತದೆ. ಸಾಫ್ಟ್‌ವೇರ್‌ನಲ್ಲಿ ಇದು ಒಂದು ಟಿಕ್ ಮಾರ್ಕ್ ಅಷ್ಟೆ. ಜೊತೆಗೆ ಲೆನ್ಸ್. 50 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಡಿದರೆ 24 ಎಂಎಂ ಲೆನ್ಸ್ ಸುಮಾರು 74 ಡಿಗ್ರಿ ನೋಡುತ್ತದೆ. ಅಗಲ ಲೆನ್ಸಿನಲ್ಲಿ ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಎದುರಿನ ಗೋಡೆ ಹಿಂದೆ ಹಿಂದೆ ಓಡುತ್ತದೆ. ಕೋಣೆ ಉದ್ದವಾಗುತ್ತದೆ.

ಇದನ್ನು ಹಿಡಿಯಲು ದುಬಾರಿ ಸಾಮಾನು ಬೇಡ. ಟೈಲ್ ಎಣಿಸಿ. 2 ಅಡಿಯ ಟೈಲ್ ಹಾಕುತ್ತೇವೆ ಅಂತ ಬರೆದಿದ್ದರೆ 10 ಅಡಿ ಕೋಣೆಯ ಅಡ್ಡಕ್ಕೆ ಐದೇ ಟೈಲ್ ಕೂರಬೇಕು. ಚಿತ್ರದಲ್ಲಿ ಏಳು ಕಂಡರೆ ಒಂದೋ ಟೈಲ್ ಬೇರೆ, ಇಲ್ಲ ಕೋಣೆ ಬೇರೆ. ಬಾಗಿಲು ನೋಡಿ. ಬಾಗಿಲಿನ ಎತ್ತರ ಸಾಮಾನ್ಯವಾಗಿ 7 ಅಡಿ. ಸೀಲಿಂಗ್ ಒಂಬತ್ತೂವರೆ ಅಡಿ ಇದ್ದರೆ ಬಾಗಿಲು ಗೋಡೆಯ ಮುಕ್ಕಾಲು ಭಾಗದ ತನಕ ಬರಬೇಕು. ಬಾಗಿಲು ಅರ್ಧಕ್ಕೇ ನಿಂತಿದೆ ಅಂದರೆ ಅವರು ತೋರಿಸುತ್ತಿರುವುದು 14 ಅಡಿ ಎತ್ತರದ ಅರಮನೆ.

ಮಂಚದ ಲೆಕ್ಕ ನನಗೆ ಎಲ್ಲಕ್ಕಿಂತ ಇಷ್ಟ. ಕ್ವೀನ್ ಸೈಜ್ ಹಾಸಿಗೆ 5 ಅಡಿ ಅಗಲ, ಆರೂವರೆ ಅಡಿ ಉದ್ದ. 10 ಅಡಿಯ ಕಡೆಗೆ ಉದ್ದ ಹಾಕಿದರೆ ಉಳಿಯುವುದು ಮೂರೂವರೆ. ಎದುರಿಗೆ ಕಪಾಟು ಬೇಕಲ್ವಾ? ಅದರ ಆಳ 2 ಅಡಿ. ಉಳಿದದ್ದು ಒಂದೂವರೆ ಅಡಿ. ಅದರಲ್ಲಿ ಕಪಾಟಿನ ಬಾಗಿಲು ತೆಗೆಯಬೇಕು, ಸೀರೆ ಮಡಚಿ ಇಡಬೇಕು, ಆಚೀಚೆ ಓಡಾಡಬೇಕು. ಚಿತ್ರದಲ್ಲಿ ಈ ತಾಪತ್ರಯ ಇರುವುದಿಲ್ಲ. ಕಪಾಟು ಇರಬೇಕಾದ ಗೋಡೆಯನ್ನೇ ಕತ್ತರಿಸಿ ಕ್ಯಾಮೆರಾ ಒಳಗೆ ಬಂದಿದೆ! ಸ್ಯಾಂಪಲ್ ಫ್ಲ್ಯಾಟ್‌ನಲ್ಲೂ ಹೀಗೇ ನಡೆಯುತ್ತದೆ. ಮಂಚ ಚಿಕ್ಕದು ಮಾಡಿಸುತ್ತಾರೆ, ಒಳಗಿನ ಬಾಗಿಲುಗಳನ್ನೇ ಹಾಕುವುದಿಲ್ಲ. ಅಲ್ಲಿಗೆ ಟೇಪ್ ಹಿಡಿದುಕೊಂಡು ಹೋಗಿ. ನಾಚಿಕೆ ಬೇಡ.

ಬೆಳಕಿನ ವಿಷಯಕ್ಕೆ ಬರೋಣ. ಮುಂಬಯಿ ಫ್ಲ್ಯಾಟ್‌ನಲ್ಲಿ ಎರಡನೇ ಬೆಡ್‌ರೂಮಿನ ಕಿಟಕಿ ಎಷ್ಟೋ ಕಡೆ ಡಕ್ಟ್‌ಗೆ (ಪೈಪುಗಳು ಇಳಿಯುವ ಇಕ್ಕಟ್ಟಾದ ಸಂದಿ) ತೆರೆದಿರುತ್ತದೆ, ಇಲ್ಲ ಪಕ್ಕದ ವಿಂಗ್‌ಗೆ. ರೆಂಡರ್‌ನಲ್ಲಿ ಆ ಕೋಣೆಯೂ ಝಗಮಗ. ಕಿಟಕಿಯ ಹೊರಗೆ ಕಣ್ಣಿಗೆ ಕಾಣದ ಒಂದು ಲೈಟ್ ಪಟ್ಟಿ ಇಟ್ಟರೆ ಆಯಿತು. ಡಕ್ಟ್ ಗೋಡೆ ಮಾಡೆಲ್‌ನಲ್ಲಿ ಕಟ್ಟಿರುವುದೇ ಇಲ್ಲ. ಕೋಣೆಯ ಬೆಳಕು ನಿಜವೋ ಅಂತ ತಿಳಿಯಲು ಚಿತ್ರ ಬಿಟ್ಟು ಪ್ಲ್ಯಾನ್ ತೆಗೆದು, ಕಿಟಕಿಯ ಎದುರು ಎಷ್ಟು ಮೀಟರ್ ಖಾಲಿ ಇದೆ ನೋಡಬೇಕು.

ಸೂರ್ಯನನ್ನಂತೂ ಸುಲಭವಾಗಿ ಹಿಡಿಯಬಹುದು. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲುತ್ತಾನೆ. ಅದರಲ್ಲೂ ಅರ್ಧಕ್ಕರ್ಧ ಮೋಡ. ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು ದಕ್ಷಿಣದಿಂದ. ಚಳಿಗಾಲದಲ್ಲಿ ಉತ್ತರ ಮುಖದ ಗೋಡೆಗೆ ನೇರ ಬಿಸಿಲೇ ಇಲ್ಲ. ಹೀಗಿರುವಾಗ ನಿಮ್ಮ ಕಟ್ಟಡದ ಉತ್ತರದ ಮುಖ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದರೆ, ಪ್ಲ್ಯಾನಿನ ಮೂಲೆಯಲ್ಲಿರುವ ಉತ್ತರದ ಬಾಣವನ್ನು ಚಿತ್ರದ ಪಕ್ಕ ಇಟ್ಟು, ಇದು ಯಾವ ತಿಂಗಳು, ಎಷ್ಟು ಗಂಟೆ ಅಂತ ಕೇಳಿ. ಬಹಳ ಸಾಫ್ಟ್‌ವೇರ್‌ಗಳಲ್ಲಿ ಊರು, ತಾರೀಕು, ಗಂಟೆ ಕೊಟ್ಟರೆ ಸೂರ್ಯ ತಾನೇ ಸರಿಯಾದ ಜಾಗಕ್ಕೆ ಬರುತ್ತಾನೆ. ಕೊಡದೆ ಕೈಯಲ್ಲೇ ಎಳೆದು ಚಂದ ಕಂಡಲ್ಲಿ ನಿಲ್ಲಿಸುವುದು ರೂಢಿ.

ನೆರಳಿನ ಲೆಕ್ಕವೂ ಅಲ್ಲೇ ಸಿಗುತ್ತದೆ. ಮಹಡಿಗೆ 3 ಮೀಟರ್ ಅಂದರೆ 20 ಮಹಡಿಯ ಟವರ್ 60 ಮೀಟರ್. ಡಿಸೆಂಬರ್ 21ರ ಸುಮಾರಿಗೆ ಮುಂಬಯಿಯಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 47-48 ಡಿಗ್ರಿ ಎತ್ತರ ಮಾತ್ರ. ಆಗ ಆ ಟವರಿನ ನೆರಳು ಉತ್ತರಕ್ಕೆ ಸುಮಾರು 55 ಮೀಟರ್ ಚಾಚುತ್ತದೆ. ಮುಂಬಯಿ ಸೆಕೆಗೆ ನೆರಳು ಒಳ್ಳೆಯದೇ, ಒಪ್ಪಿದೆ. ಆದರೆ ಎ ವಿಂಗ್ ಹಿಂದೆ ಬಿ ವಿಂಗ್ ಇದ್ದರೆ ಅದರ ಕೆಳಗಿನ ಮಹಡಿಗಳಿಗೆ ಚಳಿಗಾಲದ ಒಣ ಬಿಸಿಲೂ ಸಿಗುವುದಿಲ್ಲ. ಮಳೆಗಾಲದಲ್ಲಿ ಹಿಡಿದ ಬೂಷ್ಟು ಅಲ್ಲೇ ಉಳಿಯುತ್ತದೆ. ಹಳೇ ಸದಸ್ಯರಿಗೆ ಕೆಳಗಿನ ಮಹಡಿ, ಮಾರಾಟದ ಫ್ಲ್ಯಾಟು ಮೇಲೆ ಅನ್ನುವ ಹಂಚಿಕೆ ಸಾಮಾನ್ಯ ಅನ್ನುವುದು ನೆನಪಿರಲಿ. ಚಿತ್ರದಲ್ಲಿ ಹೊಳೆಯುವುದು ಮೇಲಿನ ಮಹಡಿಗಳು.

ಇನ್ನು ಚಿತ್ರದಲ್ಲಿ ಇಲ್ಲದ್ದು. ಇದು ದೊಡ್ಡ ಪಟ್ಟಿ. ಎಸಿಯ ಹೊರಗಿನ ಡಬ್ಬ ಇಲ್ಲ. ಬಾತ್‌ರೂಮ್ ಪೈಪ್ ಇಲ್ಲ. ಕಿಟಕಿಗೆ ಗ್ರಿಲ್ ಇಲ್ಲ. ಒಣಗಲು ಹಾಕಿದ ಬಟ್ಟೆ ಇಲ್ಲ. ಪಾರಿವಾಳದ ಬಲೆ ಇಲ್ಲ. ತುಳಸಿ ಕಟ್ಟೆ ಇಲ್ಲ. ಬೆಂಕಿ ಬಿದ್ದಾಗ ನಿಲ್ಲುವ ರೆಫ್ಯೂಜ್ ಜಾಗ ಕೂಡ ಕೆಲವೊಮ್ಮೆ ಮಾಯ. ಕಾರು ಮೇಲೆ ಕೆಳಗೆ ಹೋಗುವ ಸ್ಟ್ಯಾಕ್ ಪಾರ್ಕಿಂಗ್‌ನ ಕಬ್ಬಿಣದ ಚೌಕಟ್ಟಂತೂ ಯಾವ ಬ್ರೋಷರಿನ ಮುಖಪುಟದಲ್ಲೂ ನಾನು ನೋಡಿಲ್ಲ. ಇವೆಲ್ಲ ಚಿಲ್ಲರೆ ಅನ್ನಿಸಬಹುದು. ಆದರೆ ಡಬ್ಬ ಎಲ್ಲಿ ಕೂರುತ್ತದೆ ಅಂತ ಚಿತ್ರದಲ್ಲಿ ಯೋಚಿಸದಿದ್ದರೆ ಕಟ್ಟಡದಲ್ಲೂ ಯೋಚಿಸಿರುವುದಿಲ್ಲ. ಆಮೇಲೆ ಪ್ರತಿಯೊಬ್ಬರೂ ತಮಗೆ ತೋಚಿದಲ್ಲಿ ಗೋಡೆಗೆ ತೂತು ಕೊರೆಯುತ್ತಾರೆ. ಎರಡು ಮಳೆ ಕಳೆಯುವಷ್ಟರಲ್ಲಿ ಸೋರಿಕೆಯ ಜಗಳ.

ಮಳೆ ಅಂದೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ಮಳೆಯಲ್ಲಿ ನಿಂತ ಟವರಿನ ರೆಂಡರ್ ಸಿಗುವುದು ಅಪರೂಪ. ಸಿಕ್ಕರೂ ಅದು ನೆಲದಲ್ಲಿ ಲೈಟಿನ ಪ್ರತಿಬಿಂಬ ಚಂದ ಕಾಣಲಿ ಅಂತ ಮಾಡಿದ್ದು. ನೈಋತ್ಯದಿಂದ ಓರೆಯಾಗಿ ಬಡಿಯುವ ಮಳೆಗೆ ಛಜ್ಜಾ (ಕಿಟಕಿಯ ಮೇಲಿನ ಚಾಚು) ಇಲ್ಲದ ದೊಡ್ಡ ಗಾಜಿನ ಕಿಟಕಿ ಏನು ಮಾಡುತ್ತದೆ ಅಂತ ಮುಂಬಯಿಯಲ್ಲಿ ನಾಲ್ಕು ಮಳೆಗಾಲ ಕಂಡವರಿಗೆ ಹೇಳಬೇಕಿಲ್ಲ. ಚಿತ್ರಕ್ಕೆ ಛಜ್ಜಾ ಅಡ್ಡ ಬರುತ್ತದೆ, ಗೆರೆಗಳು ಕೆಡುತ್ತವೆ. ಅದಕ್ಕೇ ತೆಗೆಯುತ್ತಾರೆ. ಒಂದು ಚಿತ್ರಕ್ಕಾಗಿ ಕಟ್ಟಡದ ಮೈ ಬದಲಾಗುವ ವಿಪರೀತ ಇಲ್ಲಿದೆ. ಬಿಸಿಲಿಗೆ ಮಾಡಿದ ಚಿತ್ರ ಎಲ್ಲರಿಗೂ ಹಿಡಿಸಿತು ಅಂತ ಮಳೆಗೆ ಕಟ್ಟಬೇಕಾದ ಕಟ್ಟಡವೂ ಅದೇ ಥರ ಆಗುತ್ತದೆ.

ಮರ ಮತ್ತು ಮನುಷ್ಯರ ಬಗ್ಗೆ ಎರಡು ಮಾತು ಸಾಕು. ಇವು ತಯಾರು ಸಿಗುವ ಸರಕು, ಲೈಬ್ರರಿಯಿಂದ ಎಳೆದು ಬಿಡುವುದು. ಅದಕ್ಕೇ ಬಾದಾಮಿ, ಗುಲ್‌ಮೊಹರ್ ಬೆಳೆಯುವ ಗಲ್ಲಿಯಲ್ಲಿ ಯುರೋಪಿನ ಬರ್ಚ್ ಮರ ನಿಂತಿರುತ್ತದೆ. ಪೋಡಿಯಂ (ಟವರಿನ ಬುಡದ ಅಗಲ ಮಹಡಿಗಳು) ಸ್ಲ್ಯಾಬಿನ ಮೇಲೆ ಎಷ್ಟು ಮಣ್ಣು ಹಾಕುತ್ತಾರೆ ಕೇಳಿ. ಒಂದೆರಡು ಅಡಿ ಮಣ್ಣಿನಲ್ಲಿ ಚಿತ್ರದ ಆ 30 ಅಡಿ ಮರ ನಿಲ್ಲುವುದಿಲ್ಲ, ಕ್ರೋಟನ್ ಗಿಡ ನಿಲ್ಲುತ್ತದೆ.

ಈ ಕಸುಬಿನ ಹೊಸ ತೊಡಕು ಎಐ. 2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಶನ್ ಬಂದವು. ಮರುವರ್ಷದಿಂದ ಒಂದು ಗೆರೆ ಚಿತ್ರ ಕೊಟ್ಟರೆ ಅದರ ಮೇಲೇ ಬಣ್ಣ, ಬೆಳಕು, ಗಾಜು ತುಂಬಿಸುವ ಉಪಾಯಗಳೂ ಬಂದವು. ನಿಮಿಷದೊಳಗೆ ಚಿತ್ರ ತಯಾರು. ನೋಡಲು ಹಳೇ ರೆಂಡರಿನ ಹಾಗೇ ಇರುತ್ತದೆ, ಕೆಲವೊಮ್ಮೆ ಇನ್ನೂ ಚಂದ. ಆದರೆ ಬುಡದಲ್ಲಿ ದೊಡ್ಡ ವ್ಯತ್ಯಾಸ ಇದೆ. ರೆಂಡರ್ ಹಿಂದೆ ಒಂದು ಮಾಡೆಲ್ ಇರುತ್ತದೆ, ಅದಕ್ಕೆ ಅಳತೆ ಇರುತ್ತದೆ. ಎಐ ಚಿತ್ರದ ಹಿಂದೆ ಅಂಥದ್ದೇನೂ ಇಲ್ಲ. ಏಳನೇ ಮಹಡಿಯಲ್ಲಿ ನಾಲ್ಕು ಕಿಟಕಿ, ಎಂಟರಲ್ಲಿ ಐದು ಆಗಿರಬಹುದು. ಬಾಲ್ಕನಿ ಯಾವ ತೊಲೆಯ ಮೇಲೂ ಕೂರದೆ ತೇಲುತ್ತಿರಬಹುದು. ಪರೀಕ್ಷೆ ಸರಳ. ಇದೇ ಕಟ್ಟಡವನ್ನು ಹಿಂದಿನಿಂದ, ಇದೇ ಹೊತ್ತಿನಲ್ಲಿ ತೋರಿಸಿ ಅನ್ನಿ. ಮಾಡೆಲ್ ಇದ್ದವರು ಕ್ಯಾಮೆರಾ ತಿರುಗಿಸುತ್ತಾರೆ. ಇಲ್ಲದವರು ಇನ್ನೊಂದು ಕಟ್ಟಡ ತರುತ್ತಾರೆ.

ಹೀಗೆ ಚಿತ್ರದಲ್ಲಿ ಆಸೆ ಹುಟ್ಟಿಸುವುದು ಕಂಪ್ಯೂಟರ್ ಬಂದ ಮೇಲೆ ಶುರುವಾದದ್ದೇನಲ್ಲ. 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಹಂಫ್ರಿ ರೆಪ್ಟನ್ ಅಂತ ಒಬ್ಬ ತೋಟಗಳ ವಿನ್ಯಾಸಗಾರ ಇದ್ದ. ಜಮೀನುದಾರರಿಗೆ ಅವರದೇ ಜಾಗದ ಜಲವರ್ಣ ಚಿತ್ರ ಮಾಡಿ, ಮೇಲೊಂದು ಎತ್ತುವ ಕಾಗದ ಅಂಟಿಸುತ್ತಿದ್ದ. ಕಾಗದ ಮುಚ್ಚಿದಾಗ ಈಗಿನ ನೋಟ. ಎತ್ತಿದರೆ ಕೆರೆ, ಹುಲ್ಲು, ಮರಗಳ ತೋಪು. ಇವತ್ತಿನ "ಮೊದಲು-ನಂತರ" ಸ್ಲೈಡಿಗೆ ಅಜ್ಜ ಅವನೇ.

ಕಾನೂನು ಏನು ಹೇಳುತ್ತದೆ? ಇಲ್ಲಿ ಹೊಸದಾಗಿ ಕೊಳ್ಳುವವರು ಮತ್ತು ಹಳೇ ಸದಸ್ಯರು ಬೇರೆ ಬೇರೆ ನೆಲದ ಮೇಲೆ ನಿಂತಿದ್ದಾರೆ.

ಹೊಸದಾಗಿ ಕೊಳ್ಳುವವರಿಗೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನಿದೆ. ಮಹಾರಾಷ್ಟ್ರದಲ್ಲಿ ಅದನ್ನು ನಡೆಸುವ ಪ್ರಾಧಿಕಾರ ಮಹಾರೇರಾ 2017ರ ಮೇ 1ರಿಂದ ಕೆಲಸ ಮಾಡುತ್ತಿದೆ. ಆ ಕಾನೂನಿನ 12ನೇ ಕಲಂ ನೇರವಾಗಿ ನಮ್ಮ ವಿಷಯದ್ದು. ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಫ್ಲ್ಯಾಟ್ ನಂಬಿ ಹಣ ಕೊಟ್ಟು, ಅದರಲ್ಲಿನ ತಪ್ಪು ಅಥವಾ ಸುಳ್ಳು ವಿವರದಿಂದ ನಷ್ಟವಾದರೆ ಪ್ರೊಮೋಟರ್, ಅಂದರೆ ಬಿಲ್ಡರ್, ಪರಿಹಾರ ಕೊಡಬೇಕು. ಬೇಡ ಅಂತ ಹಿಂದೆ ಸರಿದರೆ ಬಡ್ಡಿ ಸಮೇತ ಹಣ ವಾಪಸ್. ಬ್ರೋಷರಿನ ಬುಡದಲ್ಲಿ ಇರುವೆಯಷ್ಟು ಅಕ್ಷರದಲ್ಲಿ "ಇದು ಕಲಾವಿದನ ಕಲ್ಪನೆ" ಅಂತ ಹಾಕಿದ ಮಾತ್ರಕ್ಕೆ ಈ ಕಲಂ ಅಳಿಸಿ ಹೋಗುವುದಿಲ್ಲ. ಆದರೆ ನಷ್ಟ ಆಯಿತು, ಆ ವಿವರ ನಂಬಿಯೇ ಕೊಟ್ಟೆ ಅಂತ ತೋರಿಸುವ ಭಾರ ನಿಮ್ಮ ಮೇಲೆ. ಬರ್ಚ್ ಮರ ಬರಲಿಲ್ಲ ಅಂತ ಹಣ ಸಿಗುವುದು ಕಷ್ಟ. ತೋರಿಸಿದ ಈಜುಕೊಳವೇ ಬರಲಿಲ್ಲ ಅಂದರೆ ವಾದಕ್ಕೆ ಕಾಲಿದೆ.

14ನೇ ಕಲಂ ಇನ್ನೊಂದು. ಮಂಜೂರಾದ ಪ್ಲ್ಯಾನ್‌ನಂತೆಯೇ ಕಟ್ಟಬೇಕು, ಒಟ್ಟಾರೆ ಕಟ್ಟಡದ ಪ್ಲ್ಯಾನ್ ಬದಲಿಸಲು ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಚಿತ್ರದ ಮಾತು ಅಲ್ಲಿಲ್ಲ, ಪ್ಲ್ಯಾನಿನ ಮಾತು ಮಾತ್ರ. 2023ರ ಆಗಸ್ಟ್ 1ರಿಂದ ಮಹಾರಾಷ್ಟ್ರದಲ್ಲಿ ಪ್ರಾಜೆಕ್ಟಿನ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಇರಲೇಬೇಕು. ಅದನ್ನು ಸ್ಕ್ಯಾನ್ ಮಾಡಿದರೆ ಮಹಾರೇರಾದಲ್ಲಿರುವ ಪ್ರಾಜೆಕ್ಟಿನ ಪುಟ ತೆರೆಯುತ್ತದೆ. ಜನ ಸ್ಕ್ಯಾನ್ ಮಾಡಿ ರಿಜಿಸ್ಟ್ರೇಶನ್ ನಂಬರ್ ಇದೆ ಅಂತ ನೋಡಿ ಮುಚ್ಚುತ್ತಾರೆ. ನಾನಾದರೆ ಅಲ್ಲೇ ಪ್ಲ್ಯಾನ್ ಹುಡುಕಿ, ಮಹಡಿ ಎಣಿಸಿ, ಕೈಯಲ್ಲಿರುವ ಚಿತ್ರದ ಮಹಡಿಯೊಂದಿಗೆ ತಾಳೆ ನೋಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಮಹಾರೇರಾ ಪಾರ್ಕಿಂಗ್ ಜಾಗದ ನಂಬರ್, ಉದ್ದ, ಅಗಲ, ಎತ್ತರವನ್ನೂ ಅಗ್ರಿಮೆಂಟ್‌ಗೆ ಸೇರಿಸಬೇಕು ಅಂದಿತು. ಚಿತ್ರದಲ್ಲಿ ಆರಾಮಾಗಿ ನಿಂತ ಕಾರು ನಿಜದಲ್ಲಿ ಕಂಬದ ಪಕ್ಕ ಬಾಗಿಲು ತೆರೆಯಲಾಗದೆ ನಿಲ್ಲುವ ಗೋಳು ಜಾಸ್ತಿಯಾದ ಮೇಲೆ ಬಂದ ಆದೇಶ ಅದು.

ಹಳೇ ಸದಸ್ಯರ ಸ್ಥಿತಿ ಬೇರೆ. ಅವರು ಫ್ಲ್ಯಾಟ್ ಕೊಳ್ಳುತ್ತಿಲ್ಲ, ತಮ್ಮ ಜಾಗ ಕೊಟ್ಟು ಬದಲಿ ಮನೆ ಪಡೆಯುತ್ತಿದ್ದಾರೆ. ಅವರ ಹಕ್ಕು ಮುಖ್ಯವಾಗಿ ನಿಂತಿರುವುದು ಸೊಸೈಟಿ ಮಾಡಿಕೊಳ್ಳುವ ಡೆವಲಪ್‌ಮೆಂಟ್ ಅಗ್ರಿಮೆಂಟ್ ಮತ್ತು ಪ್ರತಿಯೊಬ್ಬರ ಬದಲಿ ಮನೆಯ ಅಗ್ರಿಮೆಂಟ್ ಮೇಲೆ. ಸಹಕಾರಿ ಕಾನೂನಿನ 79ಎ ಕಲಮಿನ ಕೆಳಗೆ 2019ರ ಜುಲೈ 4ರಂದು ಬಂದ ಸರಕಾರಿ ಆದೇಶದ ಪ್ರಕಾರ ಶೇ. 51 ಸದಸ್ಯರ ಒಪ್ಪಿಗೆ ಇದ್ದರೆ ರೀಡೆವಲಪ್‌ಮೆಂಟ್ ಮುಂದೆ ಹೋಗುತ್ತದೆ. ಆ ಕೈಗಳು ಎತ್ತುವ ಹೊತ್ತಿಗೆ ಕಣ್ಣ ಮುಂದೆ ಇರುವುದು ಚಿತ್ರ. ಅಗ್ರಿಮೆಂಟ್ ಬರುವಾಗ ಅದರಲ್ಲಿರುವುದು ಪ್ಲ್ಯಾನ್ ಮತ್ತು ಅಮೆನಿಟಿಗಳ (ಕೊಡುವ ಸೌಕರ್ಯಗಳ) ಪಟ್ಟಿ. ಎರಡರ ನಡುವೆ ಬಿದ್ದುಹೋದದ್ದಕ್ಕೆ ವಾರಸುದಾರರು ಇಲ್ಲ. ನನಗೆ ಇಡೀ ವಿಷಯದ ಗಂಟು ಇಲ್ಲೇ ಇದೆ ಅನ್ನಿಸುತ್ತದೆ. ಚಿತ್ರ ನೋಡಿ ಮನಸ್ಸು ಮಾಡಿದ್ದರೆ ಚಿತ್ರವೂ ಅಗ್ರಿಮೆಂಟಿನ ಜೊತೆ ಲಗತ್ತಾಗಬೇಕು. ಅದು ಬೇಡ ಅಂತ ಬಿಲ್ಡರ್ ಅಂದರೆ ಚಿತ್ರದಲ್ಲಿ ಕಂಡ ಪ್ರತಿ ವಸ್ತುವೂ ಅಮೆನಿಟಿ ಪಟ್ಟಿಯಲ್ಲಿ ಅಳತೆಯ ಸಮೇತ ಬರಬೇಕು. ಲಾಬಿಯ ಎತ್ತರ ಎಷ್ಟು, ಮುಂಭಾಗದ ಗೋಡೆಗೆ ಕಲ್ಲೋ ಬರೀ ಟೆಕ್ಸ್‌ಚರ್ ಪೇಂಟೋ, ಕಟಕಟೆ ಗಾಜಿನದೋ ಕಬ್ಬಿಣದ ಸರಳಿನದೋ. ಗಾಜು ತೋರಿಸಿ ಸರಳು ಹಾಕುವುದು ಬಹಳ ಸಾಮಾನ್ಯ. ಮಕ್ಕಳಿರುವ ಮನೆಗೆ ಸರಳೇ ವಾಸಿ ಅನ್ನುವುದು ಬೇರೆ ಮಾತು.

ಎಲ್ಲ ಚಿತ್ರವೂ ಗಾಳಿಗೋಪುರ ಅಂತ ತಿಳಿಯಬೇಡಿ. ಮುಂಬಯಿಯ ವರ್ಲಿಯಲ್ಲಿ ಬ್ರಿಟಿಷರ ಕಾಲದ ಬಿಡಿಡಿ ಚಾಳಿನ (ಸಾಲು ಖೋಲಿಗಳ ಕಟ್ಟಡ) ಜನ 160 ಚದರ ಅಡಿಯ ಖೋಲಿಗಳಲ್ಲಿ ಕೂತು 500 ಚದರ ಅಡಿಯ ಮನೆಯ ಚಿತ್ರಗಳನ್ನು ವರ್ಷಗಟ್ಟಲೆ ನೋಡಿದರು. 2025ರ ಆಗಸ್ಟ್‌ನಲ್ಲಿ 556 ಕುಟುಂಬಗಳಿಗೆ ಕೀಲಿ ಕೈ ಸಿಕ್ಕಿತು.

ಖಾಸಗಿ ಟವರ್ ಬಿಟ್ಟು ಸರಕಾರಿ ಯೋಜನೆಗಳಿಗೆ ಬಂದರೆ ಚಿತ್ರದ ಹೊಣೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಅಗ್ರಿಮೆಂಟೇ ಇಲ್ಲ. ಪುಣೆಯ ಮುಳಾ-ಮುಠಾ ನದಿ ದಂಡೆ ಯೋಜನೆ ನೋಡಿ. 44 ಕಿಲೋಮೀಟರ್ ದಂಡೆ, ವಿನ್ಯಾಸ ಅಹಮದಾಬಾದಿನ ಎಚ್‌ಸಿಪಿ ಸಂಸ್ಥೆಯದು. ಸಾಬರಮತಿ ದಂಡೆ ಮಾಡಿದ್ದೂ ಅವರೇ. ಚಿತ್ರಗಳಲ್ಲಿ ನೀರು ಸದಾ ತುಂಬಿ ನಿಂತಿದೆ, ಮೆಟ್ಟಿಲ ಮೇಲೆ ಜನ ಓಡಾಡುತ್ತಿದ್ದಾರೆ. ನಿಜದ ನದಿ ಅಣೆಕಟ್ಟುಗಳ ಕೈಯಲ್ಲಿದೆ. ಬೇಸಿಗೆಯಲ್ಲಿ ಮುಠಾದಲ್ಲಿ ಹರಿಯುವುದು ಬಹುಪಾಲು ಕೊಳಚೆ. 2024ರ ಜುಲೈ 25ರಂದು ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಕಟ್ಟಡಗಳ ಕೆಳಮಹಡಿಗೆ ನೀರು ನುಗ್ಗಿತು. ಮರ ಕಡಿಯುವುದರ ಬಗ್ಗೆ, ಪ್ರವಾಹಕ್ಕೆ ಜಾಗ ಕಮ್ಮಿಯಾಗುವುದರ ಬಗ್ಗೆ ಪುಣೆಯ ನಾಗರಿಕರು ಪ್ರಶ್ನೆ ಎತ್ತಿದ್ದಾರೆ. ಬೇಸಿಗೆಯ ಮತ್ತು ಪ್ರವಾಹದ ಈ ಎರಡು ದೃಶ್ಯಗಳು ಚಿತ್ರದಲ್ಲಿಲ್ಲ. ಮೇ ತಿಂಗಳದ್ದೊಂದು, ಪೂರ್ತಿ ನೀರು ಬಿಟ್ಟ ಜುಲೈ ದಿನದ್ದೊಂದು ಚಿತ್ರ ಪಾಲಿಕೆ ತಾನಾಗೇ ಹಾಕಿದ್ದರೆ ಚರ್ಚೆ ಬೇರೆ ಥರ ನಡೆಯುತ್ತಿತ್ತು.

ಬೇರೆ ಕಡೆ ಇದಕ್ಕೆ ಶಿಸ್ತು ಇದೆ. ಲಂಡನ್‌ನಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಂಥ ಹೆಗ್ಗುರುತುಗಳ ನೋಟಕ್ಕೆ ಅಡ್ಡ ಬರಬಹುದಾದ ಕಟ್ಟಡಗಳಿಗೆ ನಿಖರ ದೃಶ್ಯ ಬೇಕು ಅನ್ನುತ್ತಾರೆ. ಫೋಟೊ ತೆಗೆದ ಜಾಗವನ್ನು ಸರ್ವೆ ಮಾಡಿ ಗುರುತಿಸಬೇಕು. ಲೆನ್ಸ್, ತಾರೀಕು, ಹೊತ್ತು ಬರೆಯಬೇಕು. ದೃಶ್ಯಕ್ಕೆ ಸೊನ್ನೆಯಿಂದ ಮೂರರ ತನಕ ನಾಲ್ಕು ಮಟ್ಟ ಇವೆ. ಸೊನ್ನೆಯಲ್ಲಿ ಜಾಗ ಮತ್ತು ಗಾತ್ರ ಮಾತ್ರ, ಒಂದರಲ್ಲಿ ಎಷ್ಟು ಕಾಣುತ್ತದೆ ಅನ್ನುವುದು, ಎರಡರಲ್ಲಿ ಆಕಾರ, ಮೂರರಲ್ಲಿ ಸಾಮಗ್ರಿಯೂ ಸೇರುತ್ತದೆ. ಯಾವ ಮಟ್ಟದ ಚಿತ್ರ ನೋಡುತ್ತಿದ್ದೇವೆ ಅನ್ನುವುದು ನೋಡುವವರಿಗೆ ಗೊತ್ತಿರುತ್ತದೆ. ನಮ್ಮ ಸೊಸೈಟಿಗೆ ಅಷ್ಟೆಲ್ಲ ಬೇಡ. ಸೊನ್ನೆ ಮಟ್ಟದ ಬೂದು ಬಣ್ಣದ ಡಬ್ಬ, ಅಕ್ಕಪಕ್ಕದ ನಿಜ ಕಟ್ಟಡಗಳ ನಡುವೆ ನಿಂತದ್ದು, ಹತ್ತು ಚಿನ್ನದ ಬಣ್ಣದ ಚಿತ್ರಗಳಿಗಿಂತ ಜಾಸ್ತಿ ಹೇಳುತ್ತದೆ. ಬಿಲ್ಡರ್‌ಗಳಿಗೆ ಅದು ಯಾಕೆ ಇಷ್ಟವಿಲ್ಲ ಅಂತಲೂ ಅದನ್ನು ನೋಡಿದರೆ ಗೊತ್ತಾಗುತ್ತದೆ.

ಮುಂದಿನ ಸ್ಪೆಷಲ್ ಜನರಲ್ ಮೀಟಿಂಗಿಗೆ ಹೋಗುವವರು ಇದನ್ನು ಕೇಳಿ ನೋಡಿ. ಮೂರನೇ ಮಹಡಿಯ ಹಿಂದಿನ ಫ್ಲ್ಯಾಟಿನ ಹಾಲ್ ಕಿಟಕಿಯಿಂದ, 1.6 ಮೀಟರ್ ಎತ್ತರದಿಂದ, ಹೊರಗೆ ನೋಡಿದರೆ ಏನು ಕಾಣುತ್ತದೆ. ಪಕ್ಕದ ಕಟ್ಟಡ ಇದ್ದ ಹಾಗೇ ಇರಬೇಕು. ಡಿಸೆಂಬರ್ ಮಧ್ಯಾಹ್ನ ಒಂದು, ಜೂನ್ ಸಂಜೆ ಒಂದು. ಮಾಡೆಲ್ ಈಗಾಗಲೇ ತಯಾರಿದ್ದರೆ ಇದಕ್ಕೆ ಬೇಕಾದದ್ದು ಕ್ಯಾಮೆರಾ ಸರಿಸುವುದು ಮತ್ತು ಪಕ್ಕದ ಕಟ್ಟಡಕ್ಕೆ ಒಂದು ಡಬ್ಬ ಎಬ್ಬಿಸುವುದು, ದೊಡ್ಡ ಖರ್ಚಿಲ್ಲ. ಚಿತ್ರದ ಮೂಲೆಯಲ್ಲಿ ಯಾವ ತಾರೀಕಿನ ಪ್ಲ್ಯಾನ್ ಮೇಲೆ ಮಾಡಿದ್ದು ಅಂತ ಬರೆಸಿ, ಸೆಕ್ರೆಟರಿ ಸಹಿ ಹಾಕಿಸಿ ಫೈಲಿನಲ್ಲಿಡಿ. ಕೊಡಲು ಆಗುವುದಿಲ್ಲ ಅಂದರೆ ಯಾಕೆ ಆಗುವುದಿಲ್ಲ ಅನ್ನುವುದನ್ನು ಮಿನಿಟ್ಸ್‌ನಲ್ಲಿ ಬರೆಸಿ.